ಶಾರ್ಜಾದಲ್ಲಿದ್ದ ನನ್ನ ಮೂರು ಕೋಣೆಯ ಮನೆ

ನಿಪ್ಪಾಣಿಯ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ನಾನು ಹನ್ನೆರಡು ವರ್ಷ, ಪರದೇಶಕ್ಕೆ ಹೊರಟ ಮುಸಲ್ಮಾನರಿಗೆ ಬುದ್ಧಿ ಹೇಳಿದೆ. ಆ ಹುದ್ದೆಗೆ ನನ್ನನ್ನು ಯಾರೂ ನೇಮಿಸಿರಲಿಲ್ಲ. ನಾಲ್ಕು ವರ್ಷ ಶಾರ್ಜಾದಲ್ಲಿದ್ದು ಬಂದಿದ್ದೆ, ಮ್ಯಾಟ್ರಿಕ್ ಪಾಸಾಗಿದ್ದೆ, ಕಣ್ಣಿಗೆ ಕಪ್ಪು ಕನ್ನಡಕ ಇತ್ತು. ನಮ್ಮ ಕಡೆ ಪಂಡಿತನಾಗಲು ಅಷ್ಟು ಸಾಕು.

ನಾನು ಮರಳಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಆಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರು ಮುಂಬೈಯ ಏಜೆಂಟನ ಬಾಗಿಲು ತಟ್ಟುವ ಮೊದಲು ನನ್ನ ಬೆಂಚಿಗೆ ಬರುತ್ತಿದ್ದರು. ಜತೆಗೆ ಅಪ್ಪನೋ ಮಾವನೋ ಇರುತ್ತಿದ್ದ. ಚಹಾ ಅವರೇ ಹೇಳುತ್ತಿದ್ದರು. ನಾನು ಬೇಡ ಬೇಡ ಎನ್ನುತ್ತ ಎರಡು ಕಪ್ ಕುಡಿಯುತ್ತಿದ್ದೆ. ಅಂಗಡಿಯವನು ನನ್ನನ್ನು ‘ದುಬೈ ಸಾಹೇಬ್ರು’ ಎಂದು ಕರೆಯುತ್ತಿದ್ದ. ಅವನಿಗೆ ಸಮುದ್ರದ ಆಚೆಯದೆಲ್ಲ ದುಬೈ. ಶಾರ್ಜಾ ಕ್ರಿಕೆಟ್ಟಿನ ಊರು ಎಂದು ಟೀವಿ ನೋಡಿ ಗೊತ್ತಾದ ಮೇಲೆ ಒಂದು ದಿನ ಅವನೇ ಕೇಳಿದ.

“ಮ್ಯಾಚ್ ನೋಡೀರೇನ್ರಿ ಸಾಹೇಬ್ರ ಅಲ್ಲೆ?”

“ಎಷ್ಟೋ ನೋಡೇನಿ” ಎಂದೆ.

ನಾನು ನೋಡಿದ್ದು ಮೈದಾನದ ಹೊರಗೋಡೆ. ಅದೂ ಕಂಪನಿಯ ಬಸ್ಸಿನ ಕಿಟಕಿಯಿಂದ.

ಸೊಂಟದ ಬೆಲ್ಟಿಗೆ ಮೂರು ಕೀಲಿಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅವು ಶಾರ್ಜಾದ ಮನೆಯ ಕೀಲಿಗಳೆಂದು ಜನ ತಿಳಿದಿದ್ದರು. ಮನೆ ಬಿಟ್ಟು ಬಂದವನ ಬಳಿ ಮನೆಯ ಕೀಲಿ ಯಾಕೆ ಇರುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಒಂದು ಸೂಟ್‌ಕೇಸಿನದು, ಒಂದು ಅಲ್ಲಿಯೇ ಬಿಟ್ಟು ಬಂದ ಟ್ರಂಕಿನದು. ಮೂರನೆಯದು ದಾರಿಯಲ್ಲಿ ಸಿಕ್ಕಿದ್ದು.

ನಾನು ಹೇಳಿದ ಬುದ್ಧಿಯಲ್ಲಿ ಎಲ್ಲವೂ ಸುಳ್ಳಾಗಿರಲಿಲ್ಲ. ಮಸಾಲೆಯಲ್ಲಿ ಗಸಗಸೆ ಒಯ್ಯಬೇಡ, ಅಲ್ಲಿ ಅದು ಅಫೀಮಿನ ಲೆಕ್ಕ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ಹೇಳುತ್ತಿದ್ದೆ. ಅದು ನಿಜ. ಪಾಸ್‌ಪೋರ್ಟು ಕಂಪನಿಯವರ ಕೈಗೆ ಹೋಗುತ್ತದೆ, ಮೊದಲೇ ಅದರ ನಕಲು ಮಾಡಿಸಿ ಮನೆಯಲ್ಲಿಡು ಎನ್ನುತ್ತಿದ್ದೆ. ಅದೂ ನಿಜ. ಹಲಾಲಿನ ಚಿಂತೆಯಿಲ್ಲ, ಐದು ಹೊತ್ತೂ ಅಜಾನ್ ಕಿವಿಗೆ ಬೀಳುತ್ತದೆ ಎಂಬುದು ನಿಜ. ಇಷ್ಟಕ್ಕೆ ಬಾಯಿ ಮುಚ್ಚಿದ್ದರೆ ನಾನು ಉಪಕಾರಿಯಾಗಿಯೇ ಸಾಯುತ್ತಿದ್ದೆ. ಆದರೆ ಕೇಳುವವರು ಕೊನೆಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆಗೆ: “ಅಲ್ಲೆ ಮನಿ ಹೆಂಗ್ರಿ?” ಅಲ್ಲಿಂದ ನನ್ನ ನಾಲಿಗೆಗೆ ರೆಕ್ಕೆ ಬರುತ್ತಿತ್ತು.

ಮೂರು ಕೋಣೆ, ತಿರುಗಿಸಿದರೆ ಬಿಸಿನೀರು, ಗೋಡೆಯಲ್ಲಿ ತಂಪು ಗಾಳಿಯ ಮಶೀನು. ಕಂಪನಿ ಕೊಟ್ಟಿತ್ತು ಎಂದು ಹೇಳುತ್ತಿದ್ದೆ. ನನ್ನ ಹೆಂಡತಿಗೂ ಹಾಗೆಯೇ ಹೇಳಿದ್ದೆ. ಸಾಕ್ಷಿಗೆ ಒಂದು ಫೋಟೋ ಇತ್ತು. ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೆ. ಅದರಲ್ಲಿ ನಾನು ಕೆಂಪು ಸೋಫಾದ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತಿದ್ದೇನೆ, ಹಿಂದೆ ಪರದೆ, ಪಕ್ಕದಲ್ಲಿ ಟೆಲಿಫೋನು.

ಆ ಸೋಫಾ ನಮ್ಮ ಕಂಪನಿಯ ಎಂಜಿನಿಯರನದು. ನಾನು ಅಲ್ಲಿ ಕಾಂಕ್ರೀಟಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಬಡಿಗ. ಅವನ ಮನೆಯ ಬಾಗಿಲು ಬಿಗಿಯಾಗಿದೆ, ಉಜ್ಜಿ ಸರಿಮಾಡಿ ಬಾ ಎಂದು ಒಂದು ದಿನ ಕಳಿಸಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಜತೆಗೆ ಬಂದ ಡ್ರೈವರನ ಬಳಿ ಕ್ಯಾಮೆರಾ ಇತ್ತು. ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ, ಎರಡು ನಿಮಿಷ ಕುಳಿತು, ಎದ್ದು, ಕುಳಿತ ಗುರುತು ಕೈಯಿಂದ ಸವರಿ ಅಳಿಸಿ ಬಂದೆ. ಶಾರ್ಜಾದಲ್ಲಿ ನನಗೆ ಮನೆ ಇದ್ದದ್ದು ಆ ಎರಡು ನಿಮಿಷ.

ಉಳಿದ ನಾಲ್ಕು ವರ್ಷ ಊರ ಹೊರಗಿನ ತಗಡಿನ ಶೆಡ್ಡು. ಒಂದು ಕೋಣೆಗೆ ಹತ್ತು ಜನ, ಒಂದರ ಮೇಲೊಂದು ಕಬ್ಬಿಣದ ಮಂಚ. ನನ್ನದು ಮೇಲಿನದು. ಎದ್ದು ಕುಳಿತರೆ ತಗಡು ತಲೆಗೆ ತಾಗುತ್ತಿತ್ತು. ಸುತ್ತ ಲುಂಗಿ ಕಟ್ಟಿಕೊಂಡು ಅದನ್ನೇ ಗೋಡೆ ಎಂದು ತಿಳಿಯುತ್ತಿದ್ದೆ. ಪರದೇಶದಲ್ಲಿ ಒಂದು ದಿನವೂ ನಾನು ಬಾಡಿಗೆ ಕೊಟ್ಟವನಲ್ಲ. ಅಲ್ಲಿ ಮನೆ ಹೇಗೆ ಹಿಡಿಯುತ್ತಾರೆ, ಏನು ಬರೆಸಿಕೊಳ್ಳುತ್ತಾರೆ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಆ ಡ್ರೈವರ್ ಯಾವಾಗಲೋ ಹೇಳಿದ್ದ, ಇಲ್ಲಿ ಹೆಂಡತಿ ಮಕ್ಕಳ ಜತೆ ಇರುವವರು ತಿಂಗಳು ತಿಂಗಳು ಕೊಡುವುದಿಲ್ಲ, ವರ್ಷಕ್ಕೆ ಒಂದೇ ಸಲ ದೊಡ್ಡ ಗಂಟು ಮಾಲೀಕನ ಕೈಗೆ ಇಡುತ್ತಾರೆ ಎಂದು.

ಈ ಒಂದು ಮಾತನ್ನು ನಾನು ನಿಪ್ಪಾಣಿಯ ತಲೆಯಿಂದ ಅರ್ಥ ಮಾಡಿಕೊಂಡೆ. ನಮ್ಮಲ್ಲಿ ಮನೆಯ ಮಾಲೀಕನಿಗೆ ದೊಡ್ಡ ಗಂಟು ಕೊಡುವುದೆಂದರೆ ಒಂದೇ ಅರ್ಥ. ಗಂಟು ಕೊಟ್ಟು ಮನೆ ಹೊಕ್ಕರೆ ಬಾಡಿಗೆ ಇಲ್ಲ. ಬಿಡುವ ದಿನ ಅದೇ ಗಂಟು ಕೂದಲೂ ಕೊಂಕದೆ ಹಿಂದೆ ಬರುತ್ತದೆ. ಹಳಬರು ಭೋಗ್ಯ ಎನ್ನುತ್ತಿದ್ದರು, ನಾವು ಲೀಜ್ ಎನ್ನುತ್ತಿದ್ದೆವು. ತಂಬಾಕು ತುಂಬಿಡುವ ವಖಾರಿಗಳ ಸುತ್ತಿನ ಓಣಿಗಳಲ್ಲಿ ಎಷ್ಟೋ ಮಂದಿ ಹಾಗೆಯೇ ಇದ್ದರು. ಅರಬರ ದೇಶದಲ್ಲಿಯೂ ಹಾಗೆಯೇ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿದ್ದನ್ನು ಕಣ್ಣಾರೆ ಕಂಡಂತೆ ಹೇಳಿದೆ. ಹೇಳಿದ್ದು ಬೇರೆ ಯಾರಿಗೋ ಅಲ್ಲ, ತೀರಿಹೋದ ನನ್ನ ತಂಗಿಯ ಮಗಳಿಗೆ.

ಅವಳಿಗೆ ರಾಯಬಾಗದಲ್ಲಿ ಎರಡು ಕೋಣೆಯ ಮನೆ ಇತ್ತು. ಅವಳ ಅಪ್ಪ ಸಾಯುವ ಮೊದಲು ಅವಳ ಹೆಸರಿಗೇ ಮಾಡಿಕೊಟ್ಟದ್ದು. ಅಂಗಳದಲ್ಲಿ ಸ್ವಂತ ನಳ ಇತ್ತು. ಆ ನಳಕ್ಕಾಗಿ ಅವಳು ಒಬ್ಬಳೇ ಆಫೀಸಿಗೆ ಎಷ್ಟು ಸಲ ಅಲೆದಿದ್ದಳೋ. ಓಣಿಯ ಹೆಂಗಸರು ಕೊಡ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಗಂಡ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ನಿಗೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಕಬ್ಬು ನುರಿಸುವ ತಿಂಗಳುಗಳಲ್ಲಿ ಕೈತುಂಬ ಕೆಲಸ, ಉಳಿದ ತಿಂಗಳು ಕೈಕಟ್ಟಿ ಕೂಡುವುದು. ತೊಂಬತ್ತರ ದಶಕದ ಆರಂಭದಲ್ಲಿ ಅವನಿಗೆ ಶಾರ್ಜಾದ ವೀಸಾ ಬಂತು. ಹೆಂಡತಿಯನ್ನು ಕರೆಸಿಕೊಳ್ಳುವಷ್ಟು ಪಗಾರವೂ ಇತ್ತು. ಅವರಿಬ್ಬರೂ ಎರಡು ವರ್ಷದ ಮಗಳನ್ನು ಎತ್ತಿಕೊಂಡು ನಿಪ್ಪಾಣಿಗೆ, ನನ್ನ ಪಡಸಾಲೆಗೆ, ಆ ಫೋಟೋದ ಕೆಳಗೆ ಬಂದು ಕುಳಿತರು.

“ಮಾಮು, ಇವರು ಒಬ್ಬರ ಹೋಗ್ತೀನಿ ಅಂತಾರ” ಎಂದಳು ಅವಳು. “ನಾ ಒಲ್ಲೆ ಅಂದೀನಿ. ಹೋದ್ರ ಮೂರೂ ಮಂದಿ ಹೋಗೂದು. ಮನಿ ಸಿಗತೈತೇನ್ರಿ ಅಲ್ಲೆ ನಮ್ಮಂಥವರಿಗೆ?”

“ಯಾಕ ಸಿಗೂದಿಲ್ಲ?” ಎಂದೆ. ಒರಗುದಿಂಬಿಗೆ ಇನ್ನಷ್ಟು ಒರಗಿಕೊಂಡು, ವರ್ಷದ ಗಂಟಿನ ಕತೆ ಹೇಳಿದೆ. “ಒಮ್ಮೆ ಕೊಟ್ರ ಮುಗೀತು. ಇರೂತನಕ ಪುಕ್ಕಟೆ ಇರ್ರಿ. ಬಿಟ್ಟು ಬರೂ ದಿನ ಎಣಿಸಿ ಇಸ್ಕೊಂಡು ಬರ್ರಿ.”

“ಅಷ್ಟ್ ಗಂಟು ಎಲ್ಲಿಂದ ತರೂದ್ರಿ ಮಾಮು” ಎಂದ ಗಂಡ.

“ರಾಯಬಾಗದ ಮನಿ ಐತೆಲ್ಲೋ. ಬಾಗಲಾ ಹಾಕಿ ಅದಕ್ಕೇನು ಇಲಿ ಕಾಯಾಕ ಹಚ್ಚತಿ? ಮಾರಿ ಬಿಡ್ರಿ. ಮನಿ ಹೋಗಿ ಗಂಟಾತು, ಗಂಟು ಅಲ್ಲೆ ಮನಿ ಆತು, ಹೊಳ್ಳಿ ಬರೂವಾಗ ಮತ್ತ ಗಂಟು. ಇಲ್ಲೆ ಇದಕ್ಕಿಂತ ಚಲೋ ಮನಿ ಹಿಡೀರಿ.”

ಒಳಗಿನಿಂದ ಚಹಾ ತಂದ ನನ್ನ ಹೆಂಡತಿ ಅಲ್ಲೇ ನಿಂತು, “ಹೆಣ್ಣಮಗಳ ಹೆಸರಿನ ಮನಿ ಐತಿ. ಒಮ್ಮೆ ಅಲ್ಲೆ ಇದ್ದವರನ್ನ ಯಾರನ್ನರ ಕೇಳಿ ನೋಡ್ರಿ” ಎಂದಳು.

“ನಾ ಎಲ್ಲಿದ್ದೆ ಮತ್ತ?” ಎಂದೆ. ಅವಳು ಫೋಟೋದ ಕಡೆ ನೋಡಿ, ಚಹಾ ಇಟ್ಟು ಒಳಗೆ ಹೋದಳು.

ಮುಂದಿನ ವಾರ ಗಂಡ ಒಬ್ಬನೇ ಬಂದ, ಮುಖ ಸಣ್ಣದು ಮಾಡಿಕೊಂಡು. ಅವರ ಮಸೀದಿಯ ಮೌಲಾನಾ ಬೇಡ ಎಂದಿದ್ದರಂತೆ.

“ಗಂಟು ಕೊಟ್ಟು ಪುಕ್ಕಟೆ ಇರೂದು ಬಡ್ಡಿ ತಿಂದಂಗಂತ್ರಿ ಮಾಮು. ಕೊಟ್ಟ ರೊಕ್ಕಕ್ಕ ಬಡ್ಡಿ ಬದಲಿ ಮನಿ. ಹರಾಮ ಅಂತಾರ.”

ನಾನು ನಕ್ಕೆ. ಆ ನಗೆ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. “ನಿಮ್ಮ ಮೌಲಾನಾ ಮೀರಜ ದಾಟಿ ಆ ಕಡೆ ಹೋಗ್ಯಾರೇನೋ ಯಾವಾಗರ? ಅರಬರ ಊರಾಗ ಅರಬರ ಮಾಡೂ ಪದ್ಧತಿ ಹರಾಮ ಹೆಂಗಾಗತೈತಿ? ನಮ್ಮ ದೀನ-ಧರ್ಮ ಎಲ್ಲಿಂದ ಬಂತು, ರಾಯಬಾಗದಿಂದನೋ ಅಲ್ಲಿಂದನೋ?”

ಅವನು ಭಯಭಕ್ತಿಯ ಮನುಷ್ಯ. ಆ ಮಾತಿಗೆ ತಲೆಯಾಡಿಸಿ ರಾಯಬಾಗಕ್ಕೆ ಮರಳಿದ. ಇಡೀ ತಾಲ್ಲೂಕಿನಲ್ಲಿ ಅವರನ್ನು ತಡೆಯಬಹುದಾಗಿದ್ದ ಒಬ್ಬ ಮನುಷ್ಯನನ್ನು ನಾನು ಅರಬರ ಹೆಸರು ಹೇಳಿ ಬದಿಗೆ ಸರಿಸಿದೆ. ಆ ಅರಬರಲ್ಲಿ ಒಬ್ಬನ ಜತೆಗೂ ನಾನು ನಾಲ್ಕು ಮಾತು ಆಡಿದವನಲ್ಲ. ಮನೆ ಮಾರಾಟವಾಯಿತು. ಕೊಂಡವನು ಮೊದಲ ವಾರದಲ್ಲೇ ನಳಕ್ಕೆ ಬೀಗ ಹಾಕಿದನೆಂದು ಕೇಳಿದೆ.

ಮೊದಲು ಗಂಡ ಹೋದ, ಕೆಲವು ತಿಂಗಳ ಮೇಲೆ ಅವಳೂ ಮಗುವೂ ಹೋದರು. ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಅದಕ್ಕೆ ವರ್ಷದ ಗಂಟು ಕೊಟ್ಟಿದ್ದರು. ಐದನೆಯ ತಿಂಗಳಿಗೆ ಅವಳ ಪತ್ರ ಬಂತು. ದುಂಡು ಅಕ್ಷರದ ಕನ್ನಡ. ‘ಮಾಮು, ನಾವು ಕೊಟ್ಟದ್ದು ವರ್ಷದ ಬಾಡಿಗಿ ಅಂತ. ಇಲ್ಲಿ ಎಲ್ಲಾರೂ ಹಂಗ ಕೊಡತಾರಂತ. ಹೊಳ್ಳಿ ಬರೂದಿಲ್ಲಂತ. ವರ್ಷ ಮುಗಿದ ಮ್ಯಾಲ ಮತ್ತ ಅಷ್ಟ ಕೊಡಬೇಕಂತ. ಬಾಜೂ ಮನಿಯವರಿಗೆ ನಾ ಗಂಟಿನ ಮಾತು ಹೇಳಿದರ ನಕ್ಕರು.’ ಅಷ್ಟೇ. ನೀವು ಹೇಳಿದಿರಿ ಎಂದು ಎಲ್ಲಿಯೂ ಬರೆದಿರಲಿಲ್ಲ.

ಆಗಲಾದರೂ ನಾನು ತಪ್ಪು ಒಪ್ಪಿಕೊಳ್ಳಬಹುದಿತ್ತು. ನಾನು ಮಾಡಿದ್ದೇನು? ಎರಡು ಹಾಳೆಯ ಉತ್ತರ ಬರೆದೆ. ನಿಮ್ಮ ಮಾಲೀಕ ಮೋಸಗಾರ, ನಿಮಗೆ ಕಾಗದ ಮಾಡಿಸಿಕೊಳ್ಳಲು ಬರಲಿಲ್ಲ, ನನ್ನ ಕಾಲದಲ್ಲಿ ಹೀಗಿರಲಿಲ್ಲ ಎಂದು. ಕೊನೆಗೆ ಇನ್ನೂ ಮೂರು ಬುದ್ಧಿಮಾತು ಸೇರಿಸಿದೆ. ಸಂಜೆ ಬೆಂಚಿಗೆ ಹೋಗಿ ಅಥಣಿಯಿಂದ ಬಂದ ಇಬ್ಬರಿಗೆ, “ಕಾಗದಾ ಮಾಡಿಸಿಕೊಳ್ರಿ, ಕಾಗದಾ ಇಲ್ಲದ ಗಂಟು ಕೊಡಬ್ಯಾಡ್ರಿ” ಎಂದೆ. ಅವರು ತಲೆ ಅಲ್ಲಾಡಿಸಿದರು. ಅವಳ ಮನೆ ಹೋದದ್ದೂ ನನ್ನ ಅನುಭವದ ಖಾತೆಗೇ ಸೇರಿತು.

ವರ್ಷ ತುಂಬಿದ ಮೇಲೆ ಎರಡನೆಯ ಗಂಟು ಹೊಂದಿಸಲಾಗಲಿಲ್ಲ. ಗಂಡ ಹನ್ನೆರಡು ಜನರ ಕೋಣೆಯಲ್ಲಿ ಒಂದು ಮಂಚ ಹಿಡಿದ. ಅವಳು ಮಗಳೊಂದಿಗೆ ಮರಳಿದಳು. ರಾಯಬಾಗದಲ್ಲಿ ಇಳಿಯಲು ಜಾಗವಿರಲಿಲ್ಲ. ನನ್ನ ಮನೆಯ ಹಿತ್ತಲ ಕೋಣೆಗೆ ಬಂದಳು. ಬಂದ ದಿನವೇ ಕೇಳಿದಳು.

“ಇದಕ್ಕ ಬಾಡಿಗಿ ಎಷ್ಟ್ರಿ ಮಾಮು?”

“ಹುಚ್ಚಿ ಅದೀಯೇನು? ಮನಿ ಮಗಳು ನೀ” ಎಂದಳು ನನ್ನ ಹೆಂಡತಿ.

“ಬಾಡಿಗಿ ಹೇಳದಿದ್ರ ನಾ ಇರೂದಿಲ್ಲ ಮಾಮಿ. ಓಣ್ಯಾಗ ಬ್ಯಾರೆ ಕಡೆ ನೋಡತೀನಿ.”

ನಾನು ಒಂದು ಮೊತ್ತ ಹೇಳಿದೆ. ಹೇಳದೆ ಇದ್ದರೆ, ನೀನು ಯಾಕೆ ಪುಕ್ಕಟೆ ಇರಬೇಕೆಂದು ವಿವರಿಸಬೇಕಾಗುತ್ತಿತ್ತು. ವಿವರಿಸಲು ಹೊರಟರೆ ಆ ಫೋಟೋದವರೆಗೆ ಹೋಗಬೇಕಾಗುತ್ತಿತ್ತು. ಅದಕ್ಕಿಂತ ಬಾಡಿಗೆ ತೆಗೆದುಕೊಳ್ಳುವುದು ಸುಲಭ. ಗಂಡ ಕಳಿಸುವ ಹಣವನ್ನು ಅವಳು ಮುಟ್ಟುತ್ತಿರಲಿಲ್ಲ, ಅದು ಮುಂದೊಂದು ಮನೆಗೆ. ನನ್ನ ಬಾಡಿಗೆಗಾಗಿ ಬೀಡಿ ಸುತ್ತಿದಳು. ಮಧ್ಯಾಹ್ನ ಬೆಳಕಿಗೆಂದು ಪಡಸಾಲೆಗೆ ಬಂದು, ಮೊರ ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಕಟ್ಟುತ್ತಿದ್ದಳು, ಸರಿಯಾಗಿ ಫೋಟೋದಲ್ಲಿನ ಆ ಕೆಂಪು ಸೋಫಾದ ಕೆಳಗೆ. ಒಂದನೆಯ ತಾರೀಖು ನನ್ನ ಕೈಗೆ ಹಣ ಇಡುತ್ತಿದ್ದಳು. ನೋಟಿಗೆ ತಂಬಾಕಿನ ವಾಸನೆ. ಐದು ವರ್ಷ ತೆಗೆದುಕೊಂಡೆ. ಅದರಲ್ಲಿ ಮುಂಬಾಗಿಲ ಮೇಲೆ ಬಣ್ಣದ ಗಾಜಿನ ಕಮಾನು ಹಾಕಿಸಿದೆ. ಪರದೇಶದಿಂದ ಬಂದವನ ಮನೆ ಎಂದು ದಾರಿಹೋಕರಿಗೆ ತಿಳಿಯಬೇಕಲ್ಲ.

ಕೊನೆಗೆ ಗಂಡ ಕಳಿಸಿದ್ದು ಕೂಡಿ ಚಿಕ್ಕೋಡಿಯಲ್ಲಿ ಸಣ್ಣದೊಂದು ಮನೆ ಆಯಿತು. ಹೊರಡುವ ದಿನ ತಿಂಗಳು ಅರ್ಧ ಆಗಿತ್ತು. ಸಾಮಾನು ಟೆಂಪೋಗೆ ಏರಿತ್ತು, ಮಗಳು ಮುಂದೆ ಹತ್ತಿ ಕುಳಿತಿದ್ದಳು. ಅವಳು ಪಡಸಾಲೆಗೆ ಬಂದು ಕೋಣೆಯ ಕೀಲಿಯನ್ನೂ ಅರ್ಧ ತಿಂಗಳ ಬಾಡಿಗೆಯನ್ನೂ ನನ್ನ ಮುಂದಿಟ್ಟಳು. ಹದಿನೈದು ದಿನದ್ದು, ಸರಿಯಾಗಿ. ಅದನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದೆಳೆದುಕೊಂಡೆ.

“ಅಲ್ಲೆ ನನಗ ಮನಿ ಇರಲಿಲ್ಲ ಮಗಳ” ಎಂದೆ.

ಅವಳು ನಿಂತೇ ಇದ್ದಳು. ನಾನು ಎಲ್ಲ ಹೇಳಿದೆ. ತಗಡಿನ ಶೆಡ್ಡು, ಮೇಲಿನ ಮಂಚ, ಡ್ರೈವರನ ಅರ್ಧ ಮಾತು, ಎಂಜಿನಿಯರನ ಬಾಗಿಲು. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿಯ ಕೈ ನಿಂತದ್ದು ಕೇಳಿಸಿತು.

“ಸೋಫಾ ನಿಮ್ಮದಲ್ಲ ಅನ್ನೂದು ನನಗ ಗೊತ್ತೈತ್ರಿ” ಎಂದಳು ಅವಳು. “ಐದು ವರ್ಷ ಕೆಳಗ ಕುಂತೀನಿ. ಫೋಟೋದಾಗ ನಿಮ್ಮ ಬರಿಗಾಲಿಗೆ ಸಿಮೆಂಟ್ ಮೆತ್ತೇತಿ, ಪ್ಯಾಂಟಿನ ತುದಿತನಕ. ತಮ್ಮ ಮನ್ಯಾಗ ಯಾರು ಕಾಲ ತೊಳೀದ ಸೋಫಾದ ಮ್ಯಾಲ ಕುಂಡ್ರತಾರು?”

ಎದ್ದು ಹೋಗಿ ಫೋಟೋ ನೋಡಿದೆ. ಹದಿಮೂರು ವರ್ಷ ಮುಖವನ್ನಷ್ಟೇ ನೋಡಿಕೊಂಡಿದ್ದೆ, ಕಾಲನ್ನು ನೋಡಿರಲಿಲ್ಲ. ಸಿಮೆಂಟು ಇತ್ತು.

ಕಪಾಟು ತೆರೆದು ಕೈಗೆ ಬಂದಷ್ಟು ಹಣ ತಂದು ಅವಳ ಮುಂದೆ ಹಿಡಿದೆ. “ಐದು ವರ್ಷದ ಬಾಡಿಗಿ ಹೊಳ್ಳಿ ತಗೋ. ಉಳಿದದ್ದನ್ನ ಆಮ್ಯಾಲ ಕೊಡತೀನಿ.”

“ಇದ್ದೆ, ಕೊಟ್ಟೆ” ಎಂದಳು. “ಬಾಡಿಗಿ ಹೊಳ್ಳಿ ಬರೂದಿಲ್ರಿ ಮಾಮು. ಅದನ್ನ ನಾ ಅಲ್ಲೇ ಕಲತೀನಿ.”

“ಮತ್ತ ನಾ ಏನ್ ಮಾಡ್ಲಿ?”

ಟೆಂಪೋದವನು ಹಾರ್ನ್ ಹೊಡೆದ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಬಸ್ ಸ್ಟ್ಯಾಂಡಿನ್ಯಾಗ ನನ್ನಂಥವ್ರು ಈಗೂ ಬರಾಕತ್ತಾರ. ಇದನ್ನ ನನಗ್ಯಾಕ ಹೇಳ್ತೀರಿ. ಅಲ್ಲೆ ಹೋಗಿ ಹೇಳ್ರಿ.” ಅರ್ಧ ತಿಂಗಳ ಬಾಡಿಗೆ ಅಲ್ಲೇ ಇತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

ಎರಡು ಶುಕ್ರವಾರ ಬೆಂಚಿಗೆ ಹೋಗಿ, ಏನೂ ಹೇಳಲಾರದೆ, ಚಹಾ ಕುಡಿದು ಬಂದೆ. ಇಷ್ಟು ವರ್ಷ ಸುಳ್ಳಿಗೆ ಎಂದೂ ತಡವರಿಸದ ನಾಲಿಗೆ ಅದು. ಮೂರನೆಯ ಶುಕ್ರವಾರ ಕಾಗವಾಡದಿಂದ ಒಬ್ಬ ಬಂದ, ಜತೆಗೆ ಅವನ ತಾಯಿ. ನಮಾಜು ಮುಗಿಸಿ ಬಂದ ಹತ್ತಾರು ಜನ ಅಂಗಡಿಯಲ್ಲಿದ್ದರು. ಅವನು ಅದೇ ಪ್ರಶ್ನೆ ಕೇಳಿದ.

“ಅಲ್ಲೆ ಮನಿ ಹೆಂಗ್ರಿ ಸಾಹೇಬ್ರ? ಹೆಂಡ್ತಿನ್ನ ಕರಕೊಂಡು ಹೋಗಬೇಕಂತೀನಿ. ಇಲ್ಲಿಂದು ಮನಿ ಒಂದ್ ಐತಿ, ಗಿರಾಕಿನೂ ಬಂದಾನ.”

“ಮಾರಬ್ಯಾಡ” ಎಂದೆ. “ವರ್ಷದ ರೊಕ್ಕ ಒಮ್ಮೆಲೆ ಇಸ್ಕೋತಾರ. ಅದು ಬಾಡಿಗಿ. ಹೊಳ್ಳಿ ಬರೂದಿಲ್ಲ. ಮೊದಲ ನೀ ಒಬ್ಬನ ಹೋಗು. ಅಲ್ಲೆ ಹೆಂಡರು ಮಕ್ಕಳು ಕಟಗೊಂಡು ಇದ್ದವರನ್ನ ನಾಕು ಮಂದಿನ್ನ ಕೇಳು. ನನ್ನ ಕೇಳಬ್ಯಾಡ. ನಾ ಅಲ್ಲೆ ಮನ್ಯಾಗ ಇದ್ದಿಲ್ಲ.”

ಅಂಗಡಿಯವನು ಸೌಟು ಎತ್ತಿ ಹಿಡಿದು ನಿಂತ. “ಏನ್ ಸಾಹೇಬ್ರ, ಮೂರು ಕೋಣಿ ಏನಾದುವು?”

“ಇದ್ದಿಲ್ಲ. ಲೇಬರ್ ಕ್ಯಾಂಪಿನ್ಯಾಗ ಇದ್ದೆ, ಹತ್ತು ಮಂದಿ ಕೂಡ.”

ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ. ಹಿಂದಿನಿಂದ ಒಬ್ಬ, “ತಾವ್ ಉಂಡು ಕೈ ತೊಳಕೊಂಡ್ರು, ಈಗ ನಮ್ಮ ಮುಂದಿನ ತಾಟ ಜಗ್ಗಾಕತ್ತಾರ” ಎಂದ. “ವಯಸ್ಸಾತು, ಹೊಟ್ಟಿಕಿಚ್ಚು ಹೆಚ್ಚಾತು” ಎಂದ ಇನ್ನೊಬ್ಬ. ಹನ್ನೆರಡು ವರ್ಷದ ಸುಳ್ಳಿಗೆ ಒಬ್ಬನೂ ಸಾಕ್ಷಿ ಕೇಳಿರಲಿಲ್ಲ. ಈಗ ಎಲ್ಲರೂ ಕೇಳುವವರೇ. ಮೂರು ಕೋಣೆಯ ಮನೆ ನನ್ನದಷ್ಟೇ ಆಗಿರಲಿಲ್ಲ, ಅದರಲ್ಲಿ ಇವರೂ ಒಂದೊಂದು ಕೋಣೆ ಹಿಡಿದು ಕುಳಿತಿದ್ದರು. ಖಾಲಿ ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಕಾಗವಾಡದವನ ತಾಯಿ ಮಾತ್ರ ನಗಲಿಲ್ಲ. “ಹತ್ತು ಮಂದಿ ಒಂದ ಕೋಣ್ಯಾಗ ಹೆಂಗ ಮಲಗತಿದ್ರಿ ಭಾಯಿಸಾಬ? ಎಷ್ಟ್ ದೊಡ್ಡದಿರತಿತ್ತು ಹಾಸಗಿ?”

ಕೈಯಿಂದ ತೋರಿಸಲು ನೋಡಿದೆ. ಸರಿಯಾಗಿ ತೋರಿಸಲಾಗಲಿಲ್ಲ. ನಾನು ಕುಳಿತಿದ್ದ ಬೆಂಚಿನ ಅಗಲ ನೋಡಿದೆ, ಹೆಚ್ಚುಕಡಿಮೆ ಅಷ್ಟೇ ಇತ್ತು. ಪಕ್ಕದವರನ್ನು ಏಳಿಸಿದೆ. ಕನ್ನಡಕ ತೆಗೆದು, ಕೀಲಿಗಳ ಗೊಂಚಲು ಬಿಚ್ಚಿ ಆ ತಾಯಿಯ ಕೈಗೆ ಕೊಟ್ಟು, ಬೆಂಚಿನ ಮೇಲೆ ಅಂಗಾತ ಮಲಗಿದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡೆ, ಬದಿಗೆ ಬಿಟ್ಟರೆ ಕೆಳಗೆ ಜೋಲುತ್ತಿದ್ದವು.

“ಇಷ್ಟ ಅಗಲ ನೋಡ್ರಿ” ಎಂದೆ. “ತಲಿ ಕಡೆ ಇನ್ನೊಬ್ಬನ ಕಾಲು ಬರತಾವು. ಮ್ಯಾಲ ಎರಡ ಮೊಳ ಬಿಟ್ಟು ತಗಡ.”

ನಗು ನಿಂತಿರಲಿಲ್ಲ. ಬಸ್ ಇಳಿದವರೂ ಬಂದು ನಿಂತು ನೋಡಿದರು. ಆ ತಾಯಿ ಬಗ್ಗಿ, ನನ್ನ ಹೆಗಲಿನಿಂದ ಹೆಗಲಿಗೆ ಗೇಣು ಹಾಕಿ ಬೆಂಚಿನ ಅಗಲ ಅಳೆದಳು. ಅಳೆದು, ಮಗನ ಕಡೆ ತಿರುಗಿ ಅವನ ಹೆಗಲನ್ನೂ ಅಳೆದಳು.

“ಮನಿ ಮಾರೂದು ಬ್ಯಾಡೋ” ಎಂದಳು.